ಮಿಂಚಣ್ಣನೂ ಮಿಂಚದ ಕಾರೂ

ಬಾನೆಟ್ಟಿನಲ್ಲಿ ಮುಖ ಕಂಡರೆ ಸಾಲದು, ಆ ಮುಖದ ಒಡೆಯ ಬೆಳಿಗ್ಗೆ ಗಡ್ಡವನ್ನು ಸರಿಯಾಗಿ ಹೆರೆದುಕೊಂಡಿದ್ದಾನೋ ಇಲ್ಲವೋ ಅನ್ನುವುದೂ ಗೊತ್ತಾಗಬೇಕು. ಕಾರಿನ ಪಾಲಿಶ್ ವಿಷಯದಲ್ಲಿ ಮಿಂಚಣ್ಣನಿಗಿದ್ದ ಸಿದ್ಧಾಂತ ಇದೊಂದೇ. ಮೂವತ್ತೊಂದು ವರ್ಷ ಅದನ್ನೇ ನಂಬಿ, ಅದಕ್ಕಾಗಿಯೇ ಉಜ್ಜಿ, ತನ್ನ ಕೂದಲು ಮೊದಲು ಬೆಳ್ಳಗಾಗುವುದನ್ನೂ ಆಮೇಲೆ ಉದುರುವುದನ್ನೂ ಕಾರಿನಿಂದ ಕಾರಿಗೆ ನೋಡಿಕೊಂಡು ಬಂದವನು ಅವನು.

ಅವನು ಕೆಲಸ ಮಾಡುವ ಗ್ಯಾರೇಜು ಮೂರು ಭಾಗವಾಗಿದೆ. ಮೊದಲನೆಯದರಲ್ಲಿ ಗುದ್ದಿಸಿಕೊಂಡು ಬಂದ ಕಾರುಗಳ ತಗ್ಗು ಎತ್ತುತ್ತಾರೆ. ಎರಡನೆಯದು ಗಾಜಿನ ಕಿಟಕಿ ಇರುವ ಪೇಂಟಿನ ಕೋಣೆ. ಮೂರನೆಯದು ಹಿಂದುಗಡೆ, ದೊಡ್ಡ ಮರವೊಂದರ ನೆರಳು ಬೀಳುವ ಅಂಗಳ. ಅದು ಮಿಂಚಣ್ಣನ ಸಾಮ್ರಾಜ್ಯ. ಅಲ್ಲಿಂದ ಹೊರಬೀಳುವ ಕಾರಿನ ಮುಂದೆ ನಿಂತು ಜನ ತಲೆ ಬಾಚಿಕೊಳ್ಳುತ್ತಿದ್ದರು, ಟೈ ಸರಿಮಾಡಿಕೊಳ್ಳುತ್ತಿದ್ದರು. ಒಬ್ಬ ವಕೀಲರಂತೂ ತಮ್ಮ ಕಾರಿನ ಬಾಗಿಲಿನೆದುರು ಕಾಲು ಗಂಟೆ ನಿಂತು, ಕೈ ಎತ್ತಿ ಇಳಿಸಿ, ವಾದವನ್ನು ಪೂರ್ತಿ ಅಭ್ಯಾಸ ಮಾಡಿ ಹೋಗಿ ಕೇಸು ಗೆದ್ದಿದ್ದರು. ಆ ಗೆಲುವಿನಲ್ಲಿ ಬಾಗಿಲಿನ ಪಾಲು ಅರ್ಧಕ್ಕಿಂತ ಕಡಿಮೆ ಇಲ್ಲ ಅಂತ ಮಿಂಚಣ್ಣ ಈಗಲೂ ಹೇಳುತ್ತಾನೆ.

ಅವನ ಪ್ಯಾಂಟಿನ ಬಲಜೇಬಿನಲ್ಲಿ ಸದಾ ಒಂದು ಹತ್ತಿ ಉಂಡೆ ಇರುತ್ತಿತ್ತು. ಅದಕ್ಕೆ ಪಾಲಿಶ್ ಹೀರಿಸಿ, ಮೇಲೊಂದು ತೆಳು ಬಟ್ಟೆ ಸುತ್ತಿರುತ್ತಿದ್ದ. ಎಲ್ಲಿ ಕಲೆ ಕಂಡರೂ ಸರಿ, ಕೈ ಜೇಬಿಗೆ ಹೋಗುವುದು, ಉಂಡೆ ಹೊರಬರುವುದು, ಹೆಬ್ಬೆರಳು ಅದರ ಮೇಲೆ ಕೂತು ಗುಂಡಗೆ ಸುತ್ತತೊಡಗುವುದು. ಇದಕ್ಕೆ ತಲೆಯ ಅಪ್ಪಣೆ ಬೇಕಿರಲಿಲ್ಲ. ಮನೆಯ ನಲ್ಲಿ, ಬಾಗಿಲಿನ ಹಿಡಿ, ಪಾತ್ರೆಯ ತಳ, ಪಕ್ಕದ ಮನೆಯವರ ಸೈಕಲ್ ಬೆಲ್ಲು ಎಲ್ಲವೂ ಫಳಫಳ. ಬ್ಯಾಂಕಿನ ಸರದಿಯಲ್ಲಿ ನಿಂತಾಗ ಕೌಂಟರಿನ ಹಿತ್ತಾಳೆ ಕಂಬಿಯನ್ನೂ ಅವನು ಬಿಟ್ಟಿರಲಿಲ್ಲ.

"ಇವರು ಉಜ್ಜದೆ ಬಿಟ್ಟಿರೋದು ನನ್ನ ಮುಖ ಒಂದೇ" ಅನ್ನುತ್ತಿದ್ದಳು ಹೆಂಡತಿ, ನೆಂಟರೆದುರು.

"ಅದು ಬಂದಾಗಲೇ ಹೊಳೀತಿತ್ತು" ಅಂತ ಮಿಂಚಣ್ಣ.

"ಆಹಾ, ಇಪ್ಪತ್ತೇಳು ವರ್ಷಕ್ಕೊಂದು ಒಳ್ಳೆ ಮಾತು. ಇವತ್ತಿಗಾಯ್ತು, ಹೋಗಿ ಕೈ ತೊಳ್ಕೊಳ್ಳಿ."

ಪೇಂಟಿನ ಕೋಣೆಯ ಒಡೆಯ ಈ ಹೆಂಡತಿಯ ತಮ್ಮನೇ. ಗನ್ ಹಿಡಿದು ಬಣ್ಣ ಸಿಂಪಡಿಸುವುದರಲ್ಲಿ ತನ್ನನ್ನು ಬಿಟ್ಟರಿಲ್ಲ ಅಂತ ಅವನ ನಂಬಿಕೆ. ಆದರೆ ಅವನು ಹೊಡೆದ ಬಣ್ಣದಲ್ಲಿ ಒಂದು ಕಡೆ ಧೂಳು ಕೂತಿರುತ್ತಿತ್ತು, ಇನ್ನೊಂದು ಕಡೆ ಬಣ್ಣ ಕಣ್ಣೀರಿನಂತೆ ಇಳಿದಿರುತ್ತಿತ್ತು. ಅವೆಲ್ಲ ಸದ್ದಿಲ್ಲದೆ ಹಿಂದಿನ ಅಂಗಳಕ್ಕೆ ಬಂದು, ಭಾವನ ಹೆಬ್ಬೆರಳಿನಡಿ ಮಾಯವಾಗುತ್ತಿದ್ದವು. ಹೀಗೆ ಹದಿನೆಂಟು ವರ್ಷ ಭಾವ ಉಜ್ಜಿದ, ಭಾವಮೈದುನ ಹೊಗಳಿಸಿಕೊಂಡ.

ಇವರಿಬ್ಬರ ಮೇಲೆ ಯಜಮಾನರು. ಅಪ್ಪ ಪಂಚರ್ ಹಾಕುತ್ತಿದ್ದ ಜಾಗದಲ್ಲೇ ಗ್ಯಾರೇಜು ಕಟ್ಟಿ, ಬಾಗಿಲಿಗೆ 'ಎಂ.ಡಿ.' ಅಂತ ಫಲಕ ಹಾಕಿಸಿಕೊಂಡವರು. ಫಲಕ ಬಂದ ಮೇಲೆ ಅವರು ಟೀ ಕುಡಿಯುವಾಗಲೂ ಒಂದು ಕೈಯಲ್ಲಿ ಫೈಲು ಹಿಡಿದಿರುತ್ತಿದ್ದರು. ಫೈಲಿನೊಳಗೆ ಏನಿದೆ ಅಂತ ಯಾರೂ ನೋಡಿದವರಿಲ್ಲ.

ಅಂಥ ಗ್ಯಾರೇಜಿಗೆ ಒಂದು ಗುರುವಾರ ಕಣ್ಣಿನ ಡಾಕ್ಟರಮ್ಮನ ಹೊಸ ಕಾರು ಬಂತು. ಬೂದು ಬಣ್ಣ. ಹೊಳಪು ಅನ್ನುವುದು ಹೆಸರಿಗೂ ಇಲ್ಲ.

ಮಿಂಚಣ್ಣ ಸುತ್ತ ಒಂದು ಪ್ರದಕ್ಷಿಣೆ ಬಂದ. ಬಾನೆಟ್ಟಿನೆದುರು ಬಗ್ಗಿದ. ಮುಖ ಕಾಣಲಿಲ್ಲ. ಇನ್ನಷ್ಟು ಬಗ್ಗಿದ. ಗಡ್ಡವಿರಲಿ, ತಲೆಯೇ ಇರಲಿಲ್ಲ.

"ಪಾಪ, ಮೋಸ ಮಾಡಿಬಿಟ್ಟಿದ್ದಾರೆ ಮೇಡಂ ನಿಮಗೆ" ಅಂದ, ಸಾವಿನ ಮನೆಗೆ ಬಂದವನ ದನಿಯಲ್ಲಿ. "ಕೊನೇ ಕೋಟ್ ಹೊಡೆಯೋದು ಮರೆತು ಕೊಟ್ಟಿದ್ದಾರೆ. ಒಂದು ವಾರ ನನ್ನ ಹತ್ರ ಬಿಡಿ, ಕನ್ನಡಿ ಮಾಡಿಕೊಡ್ತೀನಿ."

ಡಾಕ್ಟರಮ್ಮ ನಕ್ಕರು. "ಬೇಡ ಮಾರಾಯರೇ. ಬೇಕೂಂತಲೇ ಹೀಗೆ ತಗೊಂಡಿದ್ದು. ಇದಕ್ಕೆ ಮ್ಯಾಟ್ ಅಂತಾರೆ. ಬೆಳಿಗ್ಗೆಯಿಂದ ಸಂಜೆವರೆಗೂ ಜನರ ಕಣ್ಣಿಗೆ ಬೆಳಕು ಬಿಡೋದೇ ನನ್ನ ಕೆಲಸ. ಹೊರಗೆ ಬಂದಾಗ ನನ್ನ ಕಣ್ಣಿಗೆ ಯಾರೂ ಬೆಳಕು ಬಿಡಬಾರದು ಅಷ್ಟೆ."

ಆಮೇಲೆ ಅವರು, ಪ್ರತಿ ಗುರುವಾರ ತೊಳೆದುಕೊಟ್ಟರೆ ಸಾಕು ಅನ್ನುತ್ತಾ, ಚೀಲದಿಂದ ಒಂದು ಹಾಳೆ ತೆಗೆದು ಕೊಟ್ಟರು. ಅದರಲ್ಲಿದ್ದದ್ದೆಲ್ಲ ಮಿಂಚಣ್ಣನ ಹೊಟ್ಟೆಗೆ ಹೊಡೆದಂತಿತ್ತು. ಪಾಲಿಶ್ ಹಾಕಬಾರದು. ಮೇಣ ಹಚ್ಚಬಾರದು. ಬ್ರಷ್ಷು ಸುತ್ತುವ ಯಂತ್ರದೊಳಕ್ಕೆ ತೂರಿಸಬಾರದು. ಬಿಸಿಲಿನಲ್ಲಿ ತೊಳೆಯಬಾರದು. ಹಕ್ಕಿ ಹಿಕ್ಕೆ ಬಿದ್ದರೆ, ಮರದ ಅಂಟು ಬಿದ್ದರೆ, ಒದ್ದೆ ಬಟ್ಟೆ ಹಾಸಿ, ಅದು ನೆನೆದು ತಾನಾಗಿ ಬಿಡುವವರೆಗೆ ಕಾಯಬೇಕು. ಒರೆಸುವಾಗಲೂ ಬಟ್ಟೆಯನ್ನು ಒತ್ತಿ ಎತ್ತಬೇಕು, ಎಳೆಯಬಾರದು. ಕೊನೆಯಲ್ಲಿ ದಪ್ಪಕ್ಷರದಲ್ಲಿ: ಯಾವ ಕಾರಣಕ್ಕೂ ಉಜ್ಜಬಾರದು.

"ಇದು ಕಾರೋ, ಬಾಣಂತಿಯೋ?" ಅಂದ ಭಾವಮೈದುನ, ಹೆಗಲ ಮೇಲಿಂದ ಇಣುಕಿ ಓದುತ್ತಾ.

ಎಂ.ಡಿ.ಯವರು ಮಾತ್ರ ಮರುದಿನವೇ ರಸ್ತೆಗೆ ಕಾಣುವಂತೆ ಹೊಸ ಬೋರ್ಡು ಹಾಕಿಸಿದರು: 'ಮ್ಯಾಟ್ ತಜ್ಞರು'. ತಜ್ಞತೆಗೆ ಆಗ ಇಪ್ಪತ್ತು ಗಂಟೆ ವಯಸ್ಸು.

ಮೊದಲ ಎರಡು ಮೂರು ಗುರುವಾರ ಮಿಂಚಣ್ಣ ಆ ಕಾರನ್ನು ಮುಖ ಗಂಟಿಕ್ಕಿಕೊಂಡೇ ತೊಳೆದ. ಎರಡು ಬಕೆಟ್ಟು, ಒಂದರಲ್ಲಿ ಸೌಮ್ಯವಾದ ಶ್ಯಾಂಪೂ, ಇನ್ನೊಂದರಲ್ಲಿ ಕೈಗವಸಿನಂಥ ಮೆತ್ತನೆ ಬಟ್ಟೆಯನ್ನು ಜಾಲಿಸುವುದಕ್ಕೆ ಬರಿ ನೀರು. ಉಜ್ಜದೆ ತೊಳೆಯುವುದೆಂದರೆ ಅವನಿಗೆ ಬಾಯಿ ತೆರೆಯದೆ ಜಗಳವಾಡಿದ ಹಾಗೆ. ಆದರೆ ನಾಲ್ಕನೆಯ ಗುರುವಾರವೋ ಐದನೆಯದೋ, ಏನೋ ಆಯಿತು. ತೊಳೆದು, ಒತ್ತಿ ಒತ್ತಿ ನೀರು ತೆಗೆದು, ದಣಿವಾರಿಸಿಕೊಳ್ಳಲು ತಗಡಿನ ಡಬ್ಬದ ಮೇಲೆ ಕೂತಿದ್ದ. ಮರದ ಎಲೆಗಳ ನಡುವಿನಿಂದ ಬೆಳಕು ಇಳಿದು ಬಾನೆಟ್ಟಿನ ಮೇಲೆ ಬಿದ್ದಿತ್ತು. ಬೇರೆ ಕಾರಾಗಿದ್ದರೆ ಆ ಬೆಳಕು ತಟ್ಟನೆ ಪುಟಿದು ಕಣ್ಣಿಗೆ ಚುಚ್ಚುತ್ತಿತ್ತು. ಇಲ್ಲಿ ಅದು ಬಿದ್ದ ಜಾಗದಲ್ಲೇ ಮೆಲ್ಲಗೆ ಹರಡಿ, ಹತ್ತಿಯಲ್ಲಿ ನೀರು ಇಂಗುವಂತೆ ಇಂಗಿತು. ದ್ರಾಕ್ಷಿ ಹಣ್ಣನ್ನು ಗೊಂಚಲಿನಿಂದ ಈಗಷ್ಟೇ ಬಿಡಿಸಿದಾಗ ಮೇಲೊಂದು ತೆಳ್ಳನೆ ಬೂದಿ ಇರುತ್ತದಲ್ಲ, ಹಾಗಿತ್ತು ಮೈ. ಬೆಳಗಿನ ಜಾವ ಕೆರೆಯ ಮೇಲೆ ಮಂಜು ನಿಂತ ಹಾಗೂ ಇತ್ತು. ಕಾರಿನ ಅಂಚು, ಉಬ್ಬು, ಬಾಗು ಎಲ್ಲ ಈಗ ಕಾಣುತ್ತಿತ್ತು. ಹೊಳೆಯುವ ಕಾರಿನಲ್ಲಿ ಕಾಣುವುದು ಕಾರಲ್ಲ, ಎದುರಿನ ಗೋಡೆ, ಆಕಾಶ, ಜೊತೆಗೆ ತಾನು. ಮೂವತ್ತೊಂದು ವರ್ಷದಲ್ಲಿ ತಾನು ನೋಡಿದ್ದೆಲ್ಲ ಬಹುಪಾಲು ತನ್ನನ್ನೇ ಅಂತ ಮಿಂಚಣ್ಣನಿಗೆ ಹೊಳೆದು, ಸ್ವಲ್ಪ ನಾಚಿಕೆಯಾಯಿತು.

ಆಮೇಲೆ ಗುರುವಾರಗಳು ಬೇರೆಯೇ ಆದವು. ಕಾರು ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು, ಮಿಂಚಣ್ಣ ಮುಗಿಯುತ್ತಿರಲಿಲ್ಲ. ಡಬ್ಬದ ಮೇಲೆ ಕೂತು ನೋಡುತ್ತಾ ನೋಡುತ್ತಾ ಎಲ್ಲೋ ಹೋಗಿಬಿಡುತ್ತಿದ್ದ. ಮೋಡ ಸರಿದರೆ ಬೂದುಬಣ್ಣ ತುಸು ನೀಲಿಯಾಗುತ್ತಿತ್ತು. ಸಂಜೆಯಾದರೆ ಪಾರಿವಾಳದ ಕತ್ತಿನಂತೆ. ಮನೆಯಲ್ಲಿ ಊಟದ ಮಧ್ಯೆ ಕೈ ತಟ್ಟೆಯಲ್ಲೇ ನಿಂತುಹೋಗುತ್ತಿತ್ತು.

"ಏನ್ರೀ, ಯಾರನ್ನ ನೆನೆಸಿಕೊಳ್ತಿದ್ದೀರಾ?"

"ಡಾಕ್ಟರಮ್ಮನ ಕಾರನ್ನ."

ಹೆಂಡತಿ ತಮ್ಮನ ಕಡೆ ತಿರುಗಿ, "ನೋಡೋ, ಇಷ್ಟು ವಯಸ್ಸಾಯ್ತು, ಸುಳ್ಳು ಹೇಳೋಕೂ ಬರಲ್ಲ ನಿನ್ ಭಾವಂಗೆ" ಅಂದಳು. "ನಿಜ ಅಕ್ಕ, ಅದು ಕಾರೇ. ನಾನೇ ನೋಡಿದ್ದೀನಿ, ಅದರ ಮುಂದೆ ಕೂತು ನಗ್ತಿರ್ತಾರೆ" ಅಂತ ತಮ್ಮ ಸಾಕ್ಷಿ ಹೇಳಿದ. ಅವಳಿಗೆ ಯಾಕೋ ಮೊದಲಿನ ಅನುಮಾನವೇ ಎಷ್ಟೋ ವಾಸಿ ಅನ್ನಿಸಿತು.

ಡಾಕ್ಟರಮ್ಮನೂ ಬದಲಾಗಿದ್ದರು. ಮೊದಮೊದಲು ತೊಳೆದ ಕಾರನ್ನು ಸುತ್ತಿ ನೋಡಿ ಒಯ್ಯುತ್ತಿದ್ದವರು ಈಗ ನೋಡುತ್ತಲೇ ಇರಲಿಲ್ಲ. "ನಿಮ್ಮ ಕೈಲಿದ್ರೆ ನನಗೆ ಯೋಚನೆ ಇಲ್ಲ" ಅನ್ನುತ್ತಿದ್ದರು. ಆ ಮಾತನ್ನು ಮಿಂಚಣ್ಣ ಮನೆಗೆ ಹೋಗಿ ಹೇಳುತ್ತಿದ್ದ. ಪ್ರತಿ ವಾರವೂ, ಹೊಸದೆಂಬಂತೆ.

ಹೀಗಿರುವಾಗ ಒಂದು ಗುರುವಾರ ಮಧ್ಯಾಹ್ನ, ತೊಳೆದು ನಿಲ್ಲಿಸಿದ ಕಾರಿನ ಬಾನೆಟ್ಟಿನ ಮೇಲೆ, ಬಲಗಣ್ಣಿನ ದೀಪದ ಹತ್ತಿರ, ಮರದಿಂದ ಒಂದು ಹನಿ ಅಂಟು ಬಿತ್ತು. ಮಿಂಚಣ್ಣ ಗಾಬರಿಯಾಗಲಿಲ್ಲ. ಬಟ್ಟೆಯನ್ನು ನೀರಲ್ಲಿ ಅದ್ದಿ, ಹಿಂಡಿ, ಹನಿಯ ಮೇಲೆ ಹಾಸಿದ. ಕಾಯಬೇಕು. ಡಬ್ಬವನ್ನು ಕಾರಿನ ಪಕ್ಕಕ್ಕೇ ಎಳೆದುಕೊಂಡು ಕೂತ. ಗಾಳಿ ಇರಲಿಲ್ಲ. ಮುಂದಿನ ಭಾಗದಲ್ಲಿ ಯಾರೋ ತಗಡು ಬಡಿಯುತ್ತಿದ್ದದ್ದು ಬಹಳ ದೂರದ ಗಡಿಯಾರದಂತೆ ಕೇಳುತ್ತಿತ್ತು. ಬಟ್ಟೆ ಎತ್ತಿ ನೋಡಿದ, ಅಂಟು ಅರ್ಧ ಮೆತ್ತಗಾಗಿತ್ತು. ಇನ್ನಷ್ಟು ಕಾಯೋಣ ಅಂದುಕೊಂಡ. ಬೂದುಬಣ್ಣ ಅವನ ಮುಂದೆ ಅಗಲವಾಗುತ್ತಾ ಹೋಯಿತು. ಅದರ ಮೇಲೆ ಯಾರೋ ದೋಣಿ ಬಿಟ್ಟಂತಾಯಿತು. ದೋಣಿಯಲ್ಲಿ ತಾನೇ ಕೂತಿದ್ದ. ಹುಟ್ಟು ಹಾಕುತ್ತಿದ್ದ, ಗುಂಡಗೆ, ಗುಂಡಗೆ, ಹಿತವಾಗಿ.

ಎಚ್ಚರವಾದಾಗ ಹೆಬ್ಬೆರಳು ಸುತ್ತುತ್ತಿತ್ತು. ಅದರಡಿ ಹತ್ತಿಯ ಉಂಡೆ ಇತ್ತು. ಉಂಡೆಯಡಿ ಬಾನೆಟ್ಟಿತ್ತು. ಒದ್ದೆ ಬಟ್ಟೆ ನೆಲಕ್ಕೆ ಬಿದ್ದಿತ್ತು.

ತಟ್ಟನೆ ಎದ್ದ. ಉಂಡೆ ಎತ್ತಿದ. ಅಂಟು ಹೋಗಿತ್ತು. ಅದಿದ್ದ ಜಾಗದಲ್ಲಿ ಕೋಟಿನ ಗುಂಡಿಯಷ್ಟು ಅಗಲದ ಮಚ್ಚೆಯೊಂದು ಥಳಥಳ ಹೊಳೆಯುತ್ತಿತ್ತು. ಅದರೊಳಗೆ ಮಿಂಚಣ್ಣನ ಮುಖ, ಪುಟ್ಟದಾಗಿ, ಸ್ಪಷ್ಟವಾಗಿ. ಗಡ್ಡ ಸರಿಯಾಗಿ ಹೆರೆದುಕೊಂಡಿಲ್ಲ ಅನ್ನುವುದೂ ಗೊತ್ತಾಗುತ್ತಿತ್ತು.

ಭಾವಮೈದುನ ಬಂದು ನೋಡಿದ. ತಲೆ ಓರೆ ಮಾಡಿ ಈ ಕಡೆಯಿಂದ ನೋಡಿದ, ಆ ಕಡೆಯಿಂದ ನೋಡಿದ. "ಭಾವ, ನೆರಳಲ್ಲಿ ಗೊತ್ತೇ ಆಗಲ್ಲ. ತೆಪ್ಪಗಿದ್ದುಬಿಡಿ. ಆಕೆ ಕಣ್ಣಿಗೆ ಬೀಳಲ್ಲ."

"ಕಣ್ಣಿನ ಡಾಕ್ಟರು ಕಣೋ ಆಕೆ!"

ಎಂ.ಡಿ.ಯವರು ಫೈಲಿನ ಸಮೇತ ಬಂದರು. ಬೋರ್ಡಿನ ಕಡೆ ಒಮ್ಮೆ, ಮಚ್ಚೆಯ ಕಡೆ ಒಮ್ಮೆ ನೋಡಿ, ಸಂಸ್ಥೆಯ ಮುಖ್ಯಸ್ಥರಿಗೆ ಒಪ್ಪುವ ಗಾಂಭೀರ್ಯದಿಂದ, "ಎಡಗಡೆ ದೀಪದ ಹತ್ರಾನೂ ಇಷ್ಟೇ ಅಗಲ ಒಂದು ಉಜ್ಜಿಬಿಡಯ್ಯ" ಅಂದರು. "ಎರಡೂ ಕಡೆ ಇದ್ರೆ ಡಿಸೈನ್ ಆಗುತ್ತೆ."

ಮಿಂಚಣ್ಣ ಉಂಡೆಯನ್ನು ಜೇಬಿಗೆ ಹಾಕಿಕೊಂಡ. ಒಮ್ಮೆ ಹೊಳಪು ಬಂದ ಮ್ಯಾಟನ್ನು ಮತ್ತೆ ಮಂಕು ಮಾಡುವ ಔಷಧ ಇಲ್ಲ ಅಂತ ಅವನಿಗೆ ಗೊತ್ತಿತ್ತು. ಬಣ್ಣದ ಮೇಲಿನ ಆ ಪಾರದರ್ಶಕ ಪದರ, ಗನ್ ಹಿಡಿಯುವವರು ಕ್ಲಿಯರ್ ಅನ್ನುವುದು, ಕಣ್ಣಿಗೆ ಕಾಣದಷ್ಟು ಒರಟಾಗಿರುತ್ತದೆ. ಆ ಒರಟುತನವೇ ಅದರ ಚೆಲುವು. ಅದನ್ನು ಇವನು ಸವೆಸಿ ನುಣುಪು ಮಾಡಿದ್ದ. ಆ ಒಂದು ಗುಂಡಿಯಷ್ಟು ಜಾಗವನ್ನೇ ಬೇರೆಯಾಗಿ ತಿದ್ದಲು ಬರುವುದಿಲ್ಲ, ಗುರುತು ಉಳಿಯುತ್ತದೆ. ಇಡೀ ಬಾನೆಟ್ಟಿಗೇ ಹೊಸದಾಗಿ ಬಣ್ಣ ಹೊಡೆಯಬೇಕು. ಹೇಳಿದರೆ ಕಾರು ಇನ್ನು ಇಲ್ಲಿಗೆ ಬರುವುದಿಲ್ಲ. ಹೇಳದಿದ್ದರೆ ಬರುತ್ತದೆ, ಎಷ್ಟು ಗುರುವಾರವೋ. ಆದರೆ ಆ ಡಬ್ಬದ ಮೇಲೆ ಕೂತು ಅದನ್ನು ಯಾವ ಮುಖ ಹೊತ್ತು ನೋಡುವುದು?

ಐದು ಗಂಟೆಗೆ ಡಾಕ್ಟರಮ್ಮ ಬಂದರು. ಎಂದಿನಂತೆ ಕಾರನ್ನು ನೋಡಲೇ ಇಲ್ಲ. ಬಾಗಿಲು ತೆಗೆದು ಚೀಲ ಒಳಗಿಟ್ಟರು. ಎಂ.ಡಿ.ಯವರು ಬಾನೆಟ್ಟಿನ ಬಲಮೂಲೆಗೆ ಅಡ್ಡಲಾಗಿ, ಫೈಲನ್ನು ಎದೆಗವಚಿಕೊಂಡು, ಫೋಟೋ ತೆಗೆಸಿಕೊಳ್ಳುವವರಂತೆ ನಿಂತಿದ್ದರು. ಡಾಕ್ಟರಮ್ಮ ಕೂತರು. ಕೀಲಿ ತಿರುಗಿತು.

"ಅಮ್ಮಾ, ಒಂದ್ನಿಮಿಷ" ಅಂದ ಮಿಂಚಣ್ಣ. "ಸಾಹೇಬ್ರೇ, ಸ್ವಲ್ಪ ಆ ಕಡೆ ಸರೀರಿ."

ಎಂ.ಡಿ.ಯವರು ಕೆಮ್ಮಿದರು. ಆಮೇಲೆ ಸರಿದರು.

"ನಾನು ಉಜ್ಜಿಬಿಟ್ಟೆ ಅಮ್ಮಾ."

ಡಾಕ್ಟರಮ್ಮ ಇಳಿದು ಬಂದರು. ಚೀಲದಿಂದ ರೋಗಿಗಳ ಕಣ್ಣಿಗೆ ಬಿಡುವ ಸಣ್ಣ ಟಾರ್ಚು ತೆಗೆದು, ಓರೆಯಾಗಿ ಹಿಡಿದು, ಮಚ್ಚೆಯನ್ನು ಬಹಳ ಹೊತ್ತು ನೋಡಿದರು.

"ಹೇಗಾಯ್ತು?"

"ಕನಸು ಕಾಣ್ತಾ ಇದ್ದೆ."

"ಕೆಲಸದ ಹೊತ್ತಲ್ಲಿ?"

"ಇದನ್ನ ನೋಡ್ತಾ ಕೂತ್ರೆ ಹಾಗೇ ಆಗುತ್ತೆ ಅಮ್ಮಾ. ಕೈ ಅದರ ಪಾಡಿಗೆ ಹಳೇ ಕೆಲಸಕ್ಕೆ ಹೋಗಿಬಿಡ್ತು."

ಅವರು ಟಾರ್ಚು ಆರಿಸಿದರು. ಕೋಪವೋ ಬೇಸರವೋ ತಿಳಿಯಲಿಲ್ಲ. "ಇದು ಹೋಗುತ್ತಾ?"

"ಇಲ್ಲ. ಬಾನೆಟ್ ಪೂರ್ತಿ ಹೊಡೀಬೇಕು. ಹೊಡೆದ ಮೇಲೆ ಒಂದು ಚೂರು ಧೂಳು ಕೂತಿದ್ರೂ ತಿದ್ದೋಕಾಗಲ್ಲ. ತಿದ್ದೋದಂದ್ರೆ ಉಜ್ಜೋದೇ ಅಲ್ವಾ? ಒಂದೇ ಸಲಕ್ಕೆ ಸರಿಯಾಗಿ ಬರಬೇಕು."

"ಯಾರು ಹೊಡೀತಾರೆ?"

ಭಾವಮೈದುನ ಅಷ್ಟರಲ್ಲಿ ಕಂಬದ ಹಿಂದಕ್ಕೆ ಸೇರಿದ್ದ. ಕಂಬ ಅವನಿಗಿಂತ ಸಣ್ಣದಿತ್ತು.

"ಆಯ್ತು" ಅಂದರು ಡಾಕ್ಟರಮ್ಮ, ಕಂಬದ ಎರಡೂ ಕಡೆ ಕಾಣುತ್ತಿದ್ದ ಅವನನ್ನು ನೋಡುತ್ತಾ. "ಇಲ್ಲೇ ಹೊಡೀರಿ. ಸರಿಯಾಗಿ ಬಂದ್ರೆ ಕಾರು ಇಲ್ಲಿಗೇ ಬರುತ್ತೆ. ಬರದಿದ್ರೆ ಇನ್ನೆಲ್ಲಾದ್ರೂ ನೋಡ್ಕೊಳ್ತೀನಿ. ನೀವು ಹೇಳಿದ್ರಿ ಅಂತ ಇಷ್ಟು. ಹೇಳದೆ ಇದ್ದಿದ್ರೆ ನಾಳೆ ಬಿಸಿಲಿಗೆ ಹೋದ ತಕ್ಷಣ ನಾನೇ ನೋಡ್ತಿದ್ದೆ."

ಬಾನೆಟ್ಟಿಗೆ ಬಣ್ಣ ಹೊಡೆಯುವವರೆಗಿನ ನಾಲ್ಕು ದಿನ ಭಾವಮೈದುನನಿಗೆ ನಿದ್ದೆ ಹತ್ತಲಿಲ್ಲ, ಅನ್ನ ಇಳಿಯಲಿಲ್ಲ. "ಭಾವ, ಹದಿನೆಂಟು ವರ್ಷ ನೀವು ಹಿಂದೆ ಇದ್ದೀರಿ ಅಂತ ಹೊಡೆದೆ. ಈಗ ಹಿಂದೆ ಯಾರೂ ಇಲ್ಲ."

"ಗೊತ್ತಾಯ್ತಲ್ಲ, ಸದ್ಯ."

"ಅದಲ್ಲ, ಧೂಳು ಕೂತ್ರೆ?"

"ಕೂರಲ್ಲ. ನಾನು ನೋಡ್ಕೊಳ್ತೀನಿ."

ಹಳೆಯ ಬಾಗಿಲುಗಳನ್ನು ತಂದು ಅಭ್ಯಾಸ ಮಾಡಿದರು. ಮೊದಲನೆಯದು ತೇಪೆ ತೇಪೆಯಾಗಿ, ಒಂದು ಕಡೆ ಮಂಕು, ಒಂದು ಕಡೆ ಮಿನುಗು. ಕೈ ಒಂದೇ ವೇಗದಲ್ಲಿ ಹೋಗದಿದ್ದರೆ ಹಾಗಾಗುತ್ತದೆ. ಎರಡನೆಯದರ ಮೇಲೆ ನೊಣವೊಂದು ಬಂದು ಕೂತು ಅಲ್ಲೇ ಅಮರವಾಯಿತು. ಮೂರನೆಯದು ಸರಿಯಾಗಿ ಬಂತು. ಮಿಂಚಣ್ಣ ಪೇಂಟಿನ ಕೋಣೆಯ ಗೋಡೆ, ಸೂರು, ದೀಪದ ಮೇಲ್ಭಾಗ ಎಲ್ಲ ಒರೆಸಿದ. ಧೂಳು ಏಳದಂತೆ ನೆಲಕ್ಕೆ ನೀರು ಚಿಮುಕಿಸಿದ. ಮೇಲ್ವಿಚಾರಣೆಗೆಂದು ಉಣ್ಣೆಯ ಕೋಟು ಹಾಕಿಕೊಂಡು ಬಂದ ಎಂ.ಡಿ.ಯವರನ್ನು ಬಾಗಿಲಲ್ಲೇ ತಡೆದು, "ಸಾಹೇಬ್ರೇ, ನಿಮ್ಮಿಂದ ನಾರು ಉದುರುತ್ತೆ" ಅಂದ. ಆ ಗ್ಯಾರೇಜಿನಲ್ಲಿ ಅವರಿಗೆ ಯಾರೂ ಹಾಗೆ ಹೇಳಿರಲಿಲ್ಲ. ಅವರು ಕೋಟನ್ನು ಮುಟ್ಟಿ ನೋಡಿಕೊಳ್ಳುತ್ತಾ ಹೋದರು.

ಕೊನೆಗೆ ಮಿಂಚಣ್ಣ ತಾನೂ ಹೊರಗೆ ಬಂದು ಬಾಗಿಲು ಹಾಕಿದ. ಕೋಣೆಯೊಳಗೆ ಭಾವಮೈದುನ, ಗನ್, ಬಾನೆಟ್ಟು, ಮೂರೇ.

ಡಾಕ್ಟರಮ್ಮ ಎರಡು ರೋಗಿಗಳ ನಡುವೆ ಬಿಡುವು ಮಾಡಿಕೊಂಡು ಬಂದು ಗಾಜಿನ ಕಿಟಕಿಯ ಹತ್ತಿರ ನಿಂತರು. ಬೂದುಬಣ್ಣ ಆಗಲೇ ಒಣಗಿತ್ತು. ಈಗ ಕ್ಲಿಯರ್. ಮುಸುಕಿನೊಳಗಿನಿಂದ ಭಾವಮೈದುನ ಒಮ್ಮೆ ಭಾವನ ಕಡೆ ನೋಡಿದ. ಭಾವ ತಲೆಯಾಡಿಸಿದ. ಗನ್ ಹಿಸ್ಸೆಂದಿತು. ಕೈ ಈ ಅಂಚಿನಿಂದ ಆ ಅಂಚಿಗೆ ತೇಲಿ ಹೋಯಿತು, ತೇಲಿ ಬಂತು.

"ಅಯ್ಯೋ!" ಅಂದರು ಡಾಕ್ಟರಮ್ಮ. "ಹೊಳೀತಾ ಇದೆ!"

ನಿಜವಾಗಿಯೂ ಹೊಳೆಯುತ್ತಿತ್ತು. ಕೋಣೆಯ ಎಂಟು ಕೊಳವೆ ದೀಪಗಳೂ ಬಾನೆಟ್ಟಿನೊಳಗೆ ಗೆರೆ ಕೊರೆದಂತೆ ಕಾಣುತ್ತಿದ್ದವು. ಮಿಂಚಣ್ಣ ಜೀವಮಾನದಲ್ಲಿ ತಂದ ಯಾವ ಹೊಳಪೂ ಅಷ್ಟು ಆಳವಾಗಿರಲಿಲ್ಲ.

"ಹಸಿ ಇದ್ದಾಗ ಹಾಗೇ ಇರುತ್ತೆ ಅಮ್ಮಾ. ಸುಮ್ನೆ ನೋಡ್ತಿರಿ."

ಇಬ್ಬರೂ ಉಸಿರು ಹಿಡಿದು ನೋಡಿದರು. ಮೊದಲು ಅಂಚುಗಳಲ್ಲಿ, ಯಾರೋ ಕನ್ನಡಿಯ ಮೇಲೆ ಉಸಿರು ಬಿಟ್ಟಂತೆ, ಒಂದು ತೆಳ್ಳನೆಯ ಮಬ್ಬು ಎದ್ದಿತು. ಅದು ಒಳಕ್ಕೆ ಸರಿಯಿತು. ಒಂದು ದೀಪ ಕರಗಿತು. ಪಕ್ಕದ್ದು ಮಸುಕಾಯಿತು, ಬಿಳಿ ನೂಲಾಯಿತು, ಇಲ್ಲವಾಯಿತು. ಯಾರೂ ಏನೂ ಮಾಡುತ್ತಿರಲಿಲ್ಲ. ಭಾವಮೈದುನ ಗನ್ನನ್ನು ಎತ್ತಿ ಹಿಡಿದು ಗೊಂಬೆಯಂತೆ ನಿಂತಿದ್ದ. ನಡುವಿನಲ್ಲಿ ಒಂದು ತಟ್ಟೆಯಷ್ಟು ಹೊಳಪು ಉಳಿದಿತ್ತು. ಅದನ್ನು ನೋಡುತ್ತಾ ಮಿಂಚಣ್ಣನಿಗೆ, ಇರಲಿ ಬಿಡು, ಇದೊಂದು ಉಳಿಯಲಿ ಅಂತ ಒಂದು ಗಳಿಗೆ ಆಸೆಯಾಯಿತು. ಮರುಗಳಿಗೆ, ಬೇಗ ಹೋಗಲಪ್ಪಾ ಅನ್ನಿಸಿತು. ತಟ್ಟೆ ಬಟ್ಟಲಾಯಿತು, ಬಟ್ಟಲು ಹನಿಯಾಯಿತು. ಆಮೇಲೆ ಬಾನೆಟ್ಟಿನ ತುಂಬ, ಈ ತುದಿಯಿಂದ ಆ ತುದಿಗೆ, ಒಂದೇ ಸಮನಾದ ಮೆತ್ತನೆಯ ಬೂದು. ಧೂಳಿಲ್ಲ, ತೇಪೆಯಿಲ್ಲ.

ಡಾಕ್ಟರಮ್ಮ ಗಾಜಿಗೆ ಹಣೆ ತಾಗಿಸಿ ಬಹಳ ಹೊತ್ತು ನೋಡಿದರು. ಟಾರ್ಚು ತೆಗೆಯಲಿಲ್ಲ.

"ಮುಟ್ಟಬಹುದಾ?" ಅಂದರು ಕೊನೆಗೆ, ಮಗುವಿನಂತೆ.

"ಬೇಡ ಅಮ್ಮಾ. ಎಂಟು ದಿನ ಯಾರೂ ಮುಟ್ಟಬಾರದು."

"ನೀವೂ?"

"ನಾನಂತೂ ಮೊದಲು ಮುಟ್ಟಬಾರದು."

ಅವರು ನಕ್ಕು ಚೀಲ ಹೆಗಲಿಗೇರಿಸಿದರು. ಅತ್ತ ಕ್ಲಿನಿಕ್ಕಿನಲ್ಲಿ ಕಣ್ಣಿಗೆ ಔಷಧಿ ಬಿಡಿಸಿಕೊಂಡವರು ಲೋಕವೆಲ್ಲ ಮಸುಕಾಗಿ ಕೂತು ಅವರಿಗಾಗಿ ಕಾಯುತ್ತಿದ್ದರು.

"ಸರಿ, ಒಂಬತ್ತನೇ ದಿನ ನಿಧಾನಕ್ಕೆ ತೊಳೆದಿಡಿ. ನಾನು ಅವತ್ತು ಬೇಗ ಬರ್ತೀನಿ. ಕೂತ್ಕೊಳ್ಳೋಕೆ ಇನ್ನೊಂದು ಡಬ್ಬ ಇದೆಯಾ?"

"ಹುಡುಕಿಡ್ತೀನಿ ಅಮ್ಮಾ" ಅಂದ ಮಿಂಚಣ್ಣ.